ಅದೇ ಗಲ್ಲಿ, ಅದೇ ಗುಂಡು, ಹೊಸ ದರ

ಗಾಥಮ್ ನಗರದ ಆಗರ್ಭ ಶ್ರೀಮಂತ ಥಾಮಸ್ ವೇಯ್ನ್ ಮತ್ತು ಅವನ ಹೆಂಡತಿ ಮಾರ್ತಾ 1939ರಿಂದ ಸಾಯುತ್ತಲೇ ಇದ್ದಾರೆ. ಮಗನನ್ನು ಕರೆದುಕೊಂಡು ಸಿನಿಮಾಕ್ಕೆ ಹೋಗುತ್ತಾರೆ. ಆಟ ಬಿಟ್ಟ ಮೇಲೆ ದೀಪ ಉರಿಯುವ ಅಷ್ಟೂ ಬೀದಿಗಳನ್ನು ಬಿಟ್ಟು, ಕತ್ತಲು ಗವ್ವೆನ್ನುವ ಒಂದು ಗಲ್ಲಿಗೇ ನುಗ್ಗುತ್ತಾರೆ. ಅಲ್ಲೊಬ್ಬ ಪಿಸ್ತೂಲು ಹಿಡಿದು ನಿಂತಿರುತ್ತಾನೆ. ಗುಂಡು ಹಾರುತ್ತದೆ. ಮಾರ್ತಾಳ ಕೊರಳಿನ ಸರ ಹರಿದು ಮುತ್ತುಗಳು ಒಂದೊಂದಾಗಿ ನೆಲಕ್ಕುರುಳುತ್ತವೆ. ಹುಡುಗ ಬ್ರೂಸ್ ಮಂಡಿಯೂರಿ ಅಳುತ್ತಾನೆ, ಬೆಳೆದು ಬ್ಯಾಟ್‌ಮನ್ ಆಗುತ್ತಾನೆ. ಅಷ್ಟರಲ್ಲಿ ಕಾಮಿಕ್ಸ್ ಕಂಪನಿಗೆ ಹೊಸ ಸಂಪಾದಕ ಬರುತ್ತಾನೆ. ಗಂಡ ಹೆಂಡತಿ ಎದ್ದು ಮೈ ಕೊಡವಿಕೊಂಡು, ಮುತ್ತು ಹೆಕ್ಕಿ ಪೋಣಿಸಿಕೊಂಡು, ಮತ್ತೆ ಸಿನಿಮಾಕ್ಕೆ ಹೊರಡುತ್ತಾರೆ.

ಎಂಬತ್ತೈದು ವರ್ಷ ದಾಟಿದರೂ ಈ ದಂಪತಿಗೆ ಇನ್ನೊಂದು ದಾರಿಯಲ್ಲಿ ಮನೆಗೆ ಹೋಗೋಣ ಎಂದು ತೋಚಿಲ್ಲ. ತೋಚುವ ಹಾಗೂ ಇಲ್ಲ. ಅವರೇನಾದರೂ ಕ್ಷೇಮವಾಗಿ ಮನೆ ಸೇರಿ ಬಾಗಿಲು ಹಾಕಿಕೊಂಡು ಮಲಗಿಬಿಟ್ಟರೆ, ಮುಂದಿನ ವರ್ಷ ಕಾಮಿಕ್ಸು, ಸಿನಿಮಾ, ಆಟಿಕೆ, ಟೀ ಶರ್ಟು ಮಾರಿ ಬದುಕಬೇಕಾದವರ ಗತಿಯೇನು?

ಅಮೆರಿಕದ ಕಾಮಿಕ್ಸ್ ಲೋಕದಲ್ಲಿ ಇದನ್ನು ಒರಿಜಿನ್ ಸ್ಟೋರಿ ಎನ್ನುತ್ತಾರೆ. ಸೂಪರ್‌ಹೀರೋ ಹೇಗೆ ಸೂಪರ್‌ಹೀರೋ ಆದ ಎಂಬ ಮೂಲಕಥೆ. ಮೂಲ ಅಂದಮೇಲೆ ಒಂದೇ ಇರಬೇಕಲ್ಲ ಎಂದು ಕೇಳುವವರು ಆ ಉದ್ಯಮಕ್ಕೆ ನಾಲಾಯಕ್ಕು. ಅಲ್ಲಿ ಮೂಲಗಳು ಎಷ್ಟು ಬೇಕಾದರೂ ಹುಟ್ಟುತ್ತವೆ. ಹುಟ್ಟದೆ ಇರುವುದು ಮುಕ್ತಾಯ ಮಾತ್ರ.

ಮೊದಲ ಸಲ ಈ ಕಥೆ ಹೇಳಿದವರಿಗೆ ಇಷ್ಟೆಲ್ಲ ಬಿಡುವಿರಲಿಲ್ಲ. ಬ್ಯಾಟ್‌ಮನ್ ಕಾಲಿಟ್ಟಿದ್ದು 1939ರ ಮೇ ತಿಂಗಳ ಡಿಟೆಕ್ಟಿವ್ ಕಾಮಿಕ್ಸ್ 27ನೇ ಸಂಚಿಕೆಯಲ್ಲಿ. ಅವನು ಯಾರ ಮಗ, ಯಾಕೆ ಬಾವಲಿಯ ವೇಷ ಹಾಕಿಕೊಂಡು ಚಾವಣಿಯಿಂದ ಚಾವಣಿಗೆ ಜಿಗಿಯುತ್ತಾನೆ ಎಂದು ಆರು ತಿಂಗಳು ಯಾರೂ ವಿವರಿಸಲಿಲ್ಲ. ಓದುಗರು ಅದಕ್ಕಾಗಿ ಊಟ ಬಿಡಲೂ ಇಲ್ಲ. ನವೆಂಬರಿನ 33ನೇ ಸಂಚಿಕೆಯಲ್ಲಿ ಎರಡು ಪುಟ ಬಿಟ್ಟುಕೊಟ್ಟರು. ಒಂದು ಚೌಕದಲ್ಲಿ ಪಿಸ್ತೂಲು, ಇನ್ನೊಂದರಲ್ಲಿ ಕಣ್ಣೀರು. ಮತ್ತೊಂದರಲ್ಲಿ ಹುಡುಗ ಹಾಸಿಗೆಯ ಪಕ್ಕ ಮೇಣದ ಬತ್ತಿಯ ಬೆಳಕಿನಲ್ಲಿ ಕೈಮುಗಿದು ಶಪಥ ಮಾಡುತ್ತಾನೆ. ಮುಂದಿನ ಚೌಕಕ್ಕೆ ಬರುವಷ್ಟರಲ್ಲಿ ವಿಜ್ಞಾನಿಯಾಗಿರುತ್ತಾನೆ, ಅದರ ಮುಂದಿನದರಲ್ಲಿ ಒಂದೇ ಕೈಯಲ್ಲಿ ಭಾರ ಎತ್ತುತ್ತಿರುತ್ತಾನೆ. ತೆರೆದ ಕಿಟಕಿಯಿಂದ ಒಂದು ಬಾವಲಿ ಒಳಗೆ ಹಾರಿ ಬರುತ್ತದೆ. ವೇಷ ಸಿಕ್ಕಿತು, ಕಥೆ ಮುಗಿಯಿತು. ಪುಟ ತಿರುವಿದರೆ ಮುಂದಿನ ಸಾಹಸ ಕಾದಿದೆ.

ಕೊಲೆಗಾರನಿಗೆ ಆಗ ಹೆಸರೂ ಇರಲಿಲ್ಲ. ಊರಿನ ಯಾವನೋ ಒಬ್ಬ ಕಳ್ಳ. ಕಥೆಯ ಕಸುವು ಇದ್ದದ್ದೇ ಅಲ್ಲಿ: ಇಂಥವನೇ ಎಂದು ಬೆರಳು ತೋರಿಸಲಾಗದ ಅನ್ಯಾಯದ ಮೇಲೆ ಆ ಹುಡುಗ ಜೀವಮಾನವಿಡೀ ಯುದ್ಧ ಹೂಡುತ್ತಾನೆ. ಆದರೆ ಹೆಸರಿಲ್ಲದ ಕಳ್ಳನನ್ನು ಎಷ್ಟು ದಿನ ಸುಮ್ಮನೆ ಬಿಟ್ಟಾರು? 1948ರಲ್ಲಿ ಅವನಿಗೆ ಜೋ ಚಿಲ್ ಎಂದು ನಾಮಕರಣವಾಯಿತು. 1956ರಲ್ಲಿ ತನಿಖೆ ಚುರುಕಾಗಿ, ಅದು ದರೋಡೆಯೇ ಅಲ್ಲ, ಲ್ಯೂ ಮಾಕ್ಸನ್ ಎಂಬ ಗೂಂಡಾ ಕೊಟ್ಟ ಸುಪಾರಿ ಎಂದು ಗೊತ್ತಾಯಿತು. 1989ರ ಸಿನಿಮಾದಲ್ಲಿ ಟಿಮ್ ಬರ್ಟನ್, ಛೇ, ಕೊಂದವನು ಜೋಕರ್ ಕಣ್ರೀ ಎಂದ. 1994ರಲ್ಲಿ ಕಾಮಿಕ್ಸ್‌ನವರು ಕೊಲೆಗಾರ ಪತ್ತೆಯೇ ಆಗಿಲ್ಲ ಎಂದು ಷರಾ ಬರೆದರು. 2006ರಲ್ಲಿ ಜೋ ಚಿಲ್‌ನನ್ನೇ ಮತ್ತೆ ಹಿಡಿದು ತಂದರು. ಇಷ್ಟು ಸಲ ಆರೋಪಿ ಬದಲಾದ ಪ್ರಕರಣ ನಮ್ಮಲ್ಲಾಗಿದ್ದರೆ ಎಂದೋ ಸಿಬಿಐಗೆ ಹೋಗಿ, ಅಲ್ಲಿಂದ ವಿರೋಧ ಪಕ್ಷದ ಪತ್ರಿಕಾಗೋಷ್ಠಿಗೆ ಬರುತ್ತಿತ್ತು.

ಆರೋಪಿಯನ್ನು ಬದಲಿಸಿ ಬೇಸರವಾದವರು ಸಿನಿಮಾ ಬದಲಿಸಿದರು. ಒಬ್ಬರ ಪ್ರಕಾರ ಕುಟುಂಬ ನೋಡಿದ್ದು ಜೋರೋ ಚಿತ್ರ. 2005ರ ಬ್ಯಾಟ್‌ಮನ್ ಬಿಗಿನ್ಸ್ ಪ್ರಕಾರ ಅದು ಸಿನಿಮಾ ಅಲ್ಲ, ಒಪೆರಾ. ಮುತ್ತಿನ ಸರ ಹರಿದು ಚೆಲ್ಲುವುದನ್ನು ಫ್ರಾಂಕ್ ಮಿಲ್ಲರ್ 1986ರಲ್ಲಿ ಚೌಕದ ಮೇಲೆ ಚೌಕ ಇಟ್ಟು ನಿಧಾನವಾಗಿ ತೋರಿಸಿದ. ಅವತ್ತು ಅದು ನಿಜಕ್ಕೂ ಎದೆ ಝಲ್ಲೆನ್ನುವ ಪುಟ. ಅಲ್ಲಿಂದೀಚೆಗೆ ಕ್ಯಾಮೆರಾ ಹಿಡಿದವರೆಲ್ಲ ಆ ಮುತ್ತುಗಳ ಬೆನ್ನು ಬಿದ್ದರು. ಗಂಡ ಹೆಂಡತಿ ಸತ್ತದ್ದು ಪಕ್ಕಕ್ಕಿರಲಿ, ಮುತ್ತು ಸರಿಯಾಗಿ ಉರುಳಿತೇ ಎನ್ನುವುದೇ ಈಗ ಪ್ರಶ್ನೆ.

ಸೂಪರ್‌ಮ್ಯಾನ್ ಮನೆಯ ಕಥೆ ಇದಕ್ಕಿಂತ ರಗಳೆಯದು. 1938ರ ಜೂನ್ ತಿಂಗಳ ಆ್ಯಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯಲ್ಲಿ ಅವನ ಹುಟ್ಟು, ಬಾಲ್ಯ, ಯೌವನ, ಗುರಿ ಎಲ್ಲವೂ ಸೇರಿ ಒಂದೇ ಪುಟ. ದೂರದ ಒಂದು ಗ್ರಹ ವಯಸ್ಸಾಗಿ ನಾಶವಾಯಿತು, ವಿಜ್ಞಾನಿಯೊಬ್ಬ ಮಗುವನ್ನು ರಾಕೆಟ್ಟಿನಲ್ಲಿಟ್ಟು ಕಳಿಸಿದ, ದಾರಿಹೋಕನೊಬ್ಬ ಕಂಡು ಅನಾಥಾಲಯಕ್ಕೆ ಕೊಟ್ಟ. ಕೂಸು ಕುರ್ಚಿಯನ್ನು ತಲೆಯ ಮೇಲೆತ್ತಿ ಹಿಡಿಯುವುದನ್ನು ನೋಡಿ ಅನಾಥಾಲಯದವರು ಬೆಪ್ಪಾಗುತ್ತಾರೆ. ಈ ಬಲ ಎಲ್ಲಿಂದ ಬಂತು ಎಂಬುದಕ್ಕೆ ವೈಜ್ಞಾನಿಕ ವಿವರಣೆಯೂ ಅದೇ ಪುಟದಲ್ಲಿದೆ: ಇರುವೆ ತನಗಿಂತ ನೂರಾರು ಪಟ್ಟು ಭಾರ ಹೊರುವುದಿಲ್ಲವೇ, ಮಿಡತೆ ಅಷ್ಟು ದೂರ ಜಿಗಿಯುವುದಿಲ್ಲವೇ, ಹಾಗೇ ಇದೂ. ಓದುಗ ಒಪ್ಪಿದ. ಕಥೆ ಮುಂದಕ್ಕೋಡಿತು.

ಅಲ್ಲಿಗೆ ಬಿಟ್ಟರೇ? ಮರುವರ್ಷ ಒಂದು ಪುಟ ಎರಡಾಯಿತು. 1948ರಲ್ಲಿ ಹತ್ತನೇ ವರ್ಷದ ನೆಪದಲ್ಲಿ ಇಡೀ ಕಥೆಯಾಯಿತು. 1961ರಲ್ಲಿ ಮತ್ತೊಮ್ಮೆ. 1986ರಲ್ಲಿ ಜಾನ್ ಬರ್ನ್ ಆರು ಸಂಚಿಕೆ ತೆಗೆದುಕೊಂಡ. 2003ರಲ್ಲಿ ಮಾರ್ಕ್ ವೇಯ್ಡ್ ಹನ್ನೆರಡು ಸಂಚಿಕೆ. 2009ರಲ್ಲಿ ಜೆಫ್ ಜಾನ್ಸ್ ಆರು. 2010ರಲ್ಲಿ ಸ್ಟ್ರಾಜಿನ್ಸ್ಕಿ ದಪ್ಪ ರಟ್ಟಿನ ಇಡೀ ಪುಸ್ತಕ. 2011ರಲ್ಲಿ ಗ್ರಾಂಟ್ ಮಾರಿಸನ್. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದ ಎನ್ನುತ್ತಾರಲ್ಲ, ಇಲ್ಲಿ ಬರುವ ಪ್ರತಿಯೊಬ್ಬ ಬರಹಗಾರನೂ ಹೊಸ ಅಗಸ, ಗೋಣಿ ಮಾತ್ರ ಅದೇ ಕ್ರಿಪ್ಟನ್ ಗ್ರಹ.

ಒಗೆತ ಜೋರಾದಷ್ಟೂ ಬಣ್ಣ ಹೋಗುತ್ತದೆ. ಮೊದಲ ಕಥೆಯಲ್ಲಿ ಮುಪ್ಪಿನಿಂದ ಕಣ್ಮುಚ್ಚಿದ ಗ್ರಹಕ್ಕೆ 2018ರಲ್ಲಿ ಒಬ್ಬ ಕೊಲೆಗಾರನನ್ನು ಹುಡುಕಿಕೊಟ್ಟರು. ಹೆಸರು ರೋಗಾಲ್ ಜಾರ್. ಮುಂದಿನ ಆವೃತ್ತಿಗಳಲ್ಲಿ ಮಗುವನ್ನು ಸಾಕಿದ ಕ್ಯಾನ್ಸಾಸಿನ ರೈತ ದಂಪತಿ ಕೆಂಟರ ಪಾಡಂತೂ ವೈರಿಗೂ ಬೇಡ. ಮಗ ಸೂಪರ್‌ಮ್ಯಾನ್ ಆಗುವ ಮೊದಲೇ ಇಬ್ಬರೂ ತೀರಿಕೊಂಡಿದ್ದರು ಎಂಬುದು ಹಳೆಯ ದಾಖಲೆ. 1986ರಲ್ಲಿ ಬರ್ನ್ ಇಬ್ಬರನ್ನೂ ಬದುಕಿಸಿದ. 2008ರಲ್ಲಿ ಗಂಡ ಹೃದಯಾಘಾತದಿಂದ ಸತ್ತ. 2011ರಲ್ಲಿ ಇಬ್ಬರೂ ಸತ್ತರು. 2019ರ ಕೊನೆಯಲ್ಲಿ ಇಬ್ಬರೂ ಬದುಕಿದರು. ಇವರ ಎಲ್‌ಐಸಿ ಪಾಲಿಸಿ ಯಾರ ಕೈಯಲ್ಲಿದೆಯೋ, ಆ ಏಜೆಂಟನೇ ನಿಜವಾದ ಸೂಪರ್‌ಹೀರೋ.

ಇಷ್ಟೂ ಜನರ ನಡುವೆ ಒಂದೇ ಒಂದು ಸಲ ಮಾನವಾಗಿ ನಡೆದುಕೊಂಡದ್ದುಂಟು. 2005ರಲ್ಲಿ ಆಲ್ ಸ್ಟಾರ್ ಸೂಪರ್‌ಮ್ಯಾನ್ ಆರಂಭಿಸುವಾಗ ಮಾರಿಸನ್ ಮತ್ತು ಚಿತ್ರಕಾರ ಫ್ರಾಂಕ್ ಕ್ವೈಟ್ಲಿ ಇಡೀ ಮೂಲಕಥೆಯನ್ನು ಒಂದು ಪುಟ, ನಾಲ್ಕು ಚೌಕ, ಎಂಟು ಪದಗಳಲ್ಲಿ ಮುಗಿಸಿದರು. ನಿಮಗೆ ಗೊತ್ತಿರುವುದನ್ನು ನಿಮಗೇ ಹೇಳಿ ಹಣ ಕೀಳುವುದಿಲ್ಲ ಎಂಬ ಮರ್ಯಾದೆ ಅದು. ಓದುಗರು ಆ ಪುಟವನ್ನು ಇವತ್ತಿಗೂ ಕೊಂಡಾಡುತ್ತಾರೆ. ಆರು ವರ್ಷ ಕಳೆಯಿತು, ಅದೇ ಮಾರಿಸನ್ ಕೈಗೆ ಕಂಪನಿ ಮತ್ತೊಂದು ಮೊದಲ ಸಂಚಿಕೆ ಕೊಟ್ಟಿತು.

ಸ್ಪೈಡರ್‌ಮ್ಯಾನ್ ವಿಷಯದಲ್ಲಿ ಇನ್ನೂ ದೊಡ್ಡ ಕೈಚಳಕ ನಡೆದಿದೆ. 1962ರ ಅಮೇಜಿಂಗ್ ಫ್ಯಾಂಟಸಿ 15ನೇ ಸಂಚಿಕೆಯಲ್ಲಿ ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಹನ್ನೊಂದು ಪುಟದಲ್ಲಿ ಎಲ್ಲವನ್ನೂ ಹೇಳಿದರು: ಜೇಡ ಕಚ್ಚಿತು, ಹುಡುಗ ಸೊಕ್ಕಿದ, ತಪ್ಪಿಸಿಕೊಂಡು ಓಡುತ್ತಿದ್ದ ಕಳ್ಳನನ್ನು ನನಗೇನು ಎಂದು ಬಿಟ್ಟ, ಅದೇ ಕಳ್ಳ ಸಾಕಿದ ದೊಡ್ಡಪ್ಪನನ್ನು ಕೊಂದ. 2000ದಲ್ಲಿ ಅದೇ ಹನ್ನೊಂದು ಪುಟವನ್ನು ಅಲ್ಟಿಮೇಟ್ ಸ್ಪೈಡರ್‌ಮ್ಯಾನ್‌ನಲ್ಲಿ ಏಳು ಸಂಚಿಕೆಗೆ ಎಳೆದರು. ಶಕ್ತಿ ಹೆಚ್ಚಿದಂತೆ ಹೊಣೆಯೂ ಹೆಚ್ಚುತ್ತದೆ ಎಂಬ ಅರ್ಥದ ಆ ಪ್ರಸಿದ್ಧ ಮಾತು ದೊಡ್ಡಪ್ಪ ಬೆನ್ ಹೇಳಿದ್ದು ಎಂದು ಜಗತ್ತೆಲ್ಲ ನಂಬಿದೆ. 1962ರ ಪುಟ ತೆಗೆದು ನೋಡಿ, ಅದನ್ನು ಯಾವ ಪಾತ್ರವೂ ಆಡುವುದಿಲ್ಲ. ಕೊನೆಯ ಚೌಕದ ಮೂಲೆಯಲ್ಲಿ ನಿರೂಪಕ ಬರೆದ ಷರಾ ಅದು. ಮುಂದಿನವರು ಅದನ್ನು ಸತ್ತವನ ಬಾಯಿಗೆ ತುರುಕಿದರು. ಪ್ರತಿಭಟಿಸಲು ಅವನಿರಲಿಲ್ಲ.

ಅದೂ ಹಳತಾದಾಗ ತಟ್ಟೆ ತಿರುವಿ ಹಾಕಿದರು. 2024ರಲ್ಲಿ ಹೊಸದಾಗಿ ಶುರುವಾದ ಅಲ್ಟಿಮೇಟ್ ಸ್ಪೈಡರ್‌ಮ್ಯಾನ್‌ನಲ್ಲಿ ನಾಯಕ ಪೀಟರ್ ಪಾರ್ಕರ್ ಹೆಂಡತಿ ಮಕ್ಕಳಿರುವ ಗೃಹಸ್ಥ. ದೊಡ್ಡಪ್ಪ ಬೆನ್ ಬದುಕಿದ್ದಾರೆ, ಸತ್ತಿರುವುದು ದೊಡ್ಡಮ್ಮ ಮೇ. ಅದೇ ವರ್ಷ ಆಬ್ಸಲ್ಯೂಟ್ ಬ್ಯಾಟ್‌ಮನ್ ಬಂತು. ಅಲ್ಲಿ ಬ್ರೂಸ್ ಬಡವ, ಸತ್ತಿರುವುದು ಅಪ್ಪ ಮಾತ್ರ, ಅಮ್ಮ ಮಾರ್ತಾ ಇದ್ದಾಳೆ. ಎರಡೂ ಚೆನ್ನಾಗಿ ಬರೆದ ಪುಸ್ತಕಗಳೇ, ಓದಿಸಿಕೊಂಡು ಹೋಗುತ್ತವೆ. ಆದರೂ ಒಂದು ಮಾತು ಒಪ್ಪಬೇಕು: ಕಲ್ಪನೆಯ ಎಲ್ಲ ಹಾರಾಟವೂ ಕೊನೆಗೆ ಬಂದು ನಿಲ್ಲುವುದು ಈ ಸಲ ಮನೆಯ ಹಿರಿಯರಲ್ಲಿ ಯಾರನ್ನು ಕೊಲ್ಲೋಣ, ಯಾರನ್ನು ಉಳಿಸೋಣ ಎಂಬಲ್ಲಿ.

ನಮ್ಮ ದೇಶಕ್ಕೂ ಈ ಪ್ರಸಾದ ಸಿಕ್ಕಿದೆ. 2004ರಲ್ಲಿ ಸ್ಪೈಡರ್‌ಮ್ಯಾನ್ ಇಂಡಿಯಾ ಎಂಬ ನಾಲ್ಕು ಸಂಚಿಕೆಗಳು ಬಂದವು. ಪೀಟರ್ ಪಾರ್ಕರ್ ಇಲ್ಲಿ ಪವಿತ್ರ್ ಪ್ರಭಾಕರ್. ದೊಡ್ಡಪ್ಪ ಬೆನ್ ಭೀಮನಾದ, ದೊಡ್ಡಮ್ಮ ಮೇ ಮಾಯಾ ಆದಳು, ಮೇರಿ ಜೇನ್ ಮೀರಾ ಜೈನ್, ಖಳನಾಯಕ ನಾರ್ಮನ್ ಆಸ್ಬಾರ್ನ್ ನಳಿನ್ ಒಬೆರಾಯ್. ಇನಿಷಿಯಲ್ ಉಳಿಸಿ ಮನುಷ್ಯರನ್ನು ಬದಲಿಸುವ ಈ ಕಲೆ ನಮ್ಮ ಮತದಾರರ ಪಟ್ಟಿಗೆ ಹೊಸದೇನಲ್ಲ. ಜೇಡ ಕಚ್ಚುವ ಬದಲು ಯೋಗಿಯೊಬ್ಬ ಶಕ್ತಿ ಕೊಡುತ್ತಾನೆ, ಹುಡುಗ ಪಂಚೆ ಉಟ್ಟು ಮುಂಬಯಿಯ ಕಟ್ಟಡಗಳ ನಡುವೆ ಜೋತಾಡುತ್ತಾನೆ. ಭಾರತ ಅಂದಮೇಲೆ ಯೋಗಿ ಇರಲೇಬೇಕು. ಭೀಮ ಎಂದು ಹೆಸರಿಟ್ಟರೂ ದೊಡ್ಡಪ್ಪನ ಪ್ರಾಣ ಮಾತ್ರ ಉಳಿಯಲಿಲ್ಲ.

ಯಾಕೆ ಹೀಗೆ ಎಂದು ಕೇಳಿದರೆ ಪ್ರಕಾಶಕರಲ್ಲಿ ಸಿದ್ಧ ಉತ್ತರವಿದೆ: ಹೊಸ ಓದುಗರಿಗಾಗಿ. ಈ ಹೊಸ ಓದುಗ ವಿಚಿತ್ರ ಪ್ರಾಣಿ. ಬ್ಯಾಟ್‌ಮನ್ ಅಪ್ಪ ಅಮ್ಮ ಸತ್ತದ್ದು ಗೊತ್ತಿಲ್ಲದವನು ಅವನೊಬ್ಬನೇ. ಅವನನ್ನು ಹಿಡಿಯಲು ಇವರು ಸಂಖ್ಯಾಶಾಸ್ತ್ರವನ್ನೇ ಬುಡಮೇಲು ಮಾಡಿದ್ದಾರೆ. 904ನೇ ಸಂಚಿಕೆವರೆಗೆ ಬಂದಿದ್ದ ಆ್ಯಕ್ಷನ್ ಕಾಮಿಕ್ಸನ್ನು 2011ರಲ್ಲಿ ಮತ್ತೆ ಒಂದರಿಂದ ಶುರು ಮಾಡಿದರು, ಅದೂ ಸೇರಿ ಒಟ್ಟು 52 ಪತ್ರಿಕೆಗಳನ್ನು. ಮರುವರ್ಷ ಒಂದಕ್ಕಿಂತ ಹಿಂದೆ ಹೋಗುವ ಹುಕಿ ಹುಟ್ಟಿ, ಎಲ್ಲ ಪತ್ರಿಕೆಗಳಿಗೂ ಸೊನ್ನೆ ಸಂಖ್ಯೆಯ ಸಂಚಿಕೆ ತಂದರು. 2016ರಲ್ಲಿ ಹಳೆಯ ಲೆಕ್ಕ ನೆನಪಾಗಿ ಆ್ಯಕ್ಷನ್ ಕಾಮಿಕ್ಸ್ ಏಕಾಏಕಿ 957ಕ್ಕೆ ಜಿಗಿಯಿತು. 1000 ಮುಟ್ಟಿದಾಗ ಹಬ್ಬ ಮಾಡಬೇಕಿತ್ತಲ್ಲ. ಎದುರಾಳಿ ಮಾರ್ವೆಲ್ ಕಂಪನಿಯಂತೂ 1997ರ ಜುಲೈನಲ್ಲೇ ಋಣ ಒಂದು ಎಂಬ ಸಂಖ್ಯೆ ಅಚ್ಚುಹಾಕಿ ಪೂರ್ವಕಥೆ ಮಾರಿತ್ತು. ಮೈನಸ್ ಒಂದನೇ ಸಂಚಿಕೆಗೆ ಪ್ಲಸ್ ದುಡ್ಡು ಕೊಟ್ಟವನೇ ಓದುಗ.

2011ರ ಹೊಸ ಆರಂಭದಲ್ಲಿ ಸೂಪರ್‌ಹೀರೋಗಳು ಬಂದು ಐದೇ ವರ್ಷವಾಗಿದೆ ಎಂದು ಸಾರಿದರು. ಒಳ್ಳೆಯದು. ಆದರೆ ಮಾರಾಟವಾಗುತ್ತಿದ್ದ, ಬ್ಯಾಟ್‌ಮನ್ ಜತೆಗಾರರಾದ ರಾಬಿನ್‌ಗಳನ್ನು ಬಿಡಲು ಮನಸ್ಸಾಗಲಿಲ್ಲ. ಪರಿಣಾಮವಾಗಿ ಬ್ಯಾಟ್‌ಮನ್‌ಗೆ ಐದು ವರ್ಷದ ಸರ್ವಿಸು, ಒಬ್ಬರ ಹಿಂದೊಬ್ಬರು ನಾಲ್ವರು ಸಹಾಯಕರು, ಅವರಲ್ಲೊಬ್ಬ ಹತ್ತು ವರ್ಷದ ಸ್ವಂತ ಮಗ. ಇಂಥ ಸೇವಾ ದಾಖಲೆಯನ್ನು ಯಾವ ಇಲಾಖೆಯ ಲೆಕ್ಕಪರಿಶೋಧಕನೂ ಪಾಸು ಮಾಡುತ್ತಿರಲಿಲ್ಲ.

ನಿಜವಾದ ಕಾರಣ ಬೇರೆ. ಈ ಪಾತ್ರಗಳಿಗೆ ವಯಸ್ಸಾಗಕೂಡದು. ಐರನ್‌ಮ್ಯಾನ್ 1963ರಲ್ಲಿ ಹುಟ್ಟಿದ್ದು ವಿಯೆಟ್ನಾಮಿನ ಕಾಡಿನಲ್ಲಿ, ತನ್ನ ಯುದ್ಧ ಸಾಮಗ್ರಿ ಪರೀಕ್ಷಿಸಲು ಹೋಗಿ ಸೆರೆ ಸಿಕ್ಕಿ. ಆ ಲೆಕ್ಕದಲ್ಲಿ ಈಗ ಅವನು ಕೋಲು ಹಿಡಿದು ಪಿಂಚಣಿ ಸಾಲಿನಲ್ಲಿ ನಿಲ್ಲಬೇಕು. ಹಾಗಾಗಿ 2005ರಲ್ಲಿ ಅವನ ಸೆರೆಮನೆಯನ್ನು ಆಫ್ಘಾನಿಸ್ತಾನಕ್ಕೆ ವರ್ಗಾಯಿಸಿದರು. ಆಫ್ಘಾನಿಸ್ತಾನವೂ ಒಂದು ದಿನ ಹಳೆಯದಾಗುತ್ತದೆ ಎಂದು ಹೊಳೆದಾಗ, 2019ರಲ್ಲಿ ಮಾರ್ವೆಲ್ ಒಂದು ಶಾಶ್ವತ ಪರಿಹಾರ ಕಂಡುಕೊಂಡಿತು. ಭೂಪಟದಲ್ಲಿ ಇಲ್ಲದ ಸಿಯಾನ್‌ಕಾಂಗ್ ಎಂಬ ದೇಶದಲ್ಲಿ, ಇತಿಹಾಸದಲ್ಲಿ ಇಲ್ಲದ ಒಂದು ಯುದ್ಧ ನಡೆಯಿತು. ನಮ್ಮ ನಾಯಕರೆಲ್ಲ ಅಲ್ಲೇ ಹೋರಾಡಿದ್ದು. ಹಿಂದೆ ದೇಶಗಳು ತೈಲಕ್ಕಾಗಿ ಯುದ್ಧ ಮಾಡುತ್ತಿದ್ದವು. ಇವರು ಬಿಳಿಕೂದಲು ಮುಚ್ಚಲು ಯುದ್ಧ ಮಾಡಿದರು. ವಿಯೆಟ್ನಾಮಿನಲ್ಲಿ ನಿಜವಾಗಿ ಸತ್ತವರನ್ನು ಮಾತ್ರ ಯಾರೂ ಹೀಗೆ ಮರುಹುಟ್ಟಿಗೆ ಶಿಫಾರಸು ಮಾಡಲಿಲ್ಲ.

ಹೇಳದೆ ಬಿಟ್ಟಿದ್ದರೆ ಚೆನ್ನಾಗಿದ್ದ ಕಥೆಗಳನ್ನೂ ಇವರು ಬಿಡಲಿಲ್ಲ. 1974ರಲ್ಲಿ ಬಂದ ವುಲ್ವರೀನ್‌ಗೆ ತನ್ನ ಹಿಂದಿನ ಬದುಕು ನೆನಪಿಲ್ಲ ಎಂಬುದೇ ಅವನ ಸೆಳೆತವಾಗಿತ್ತು. 1996ರ ಡಿಸೆಂಬರಿನಲ್ಲಿ ಮಾರ್ವೆಲ್ ದಿವಾಳಿ ಅರ್ಜಿ ಹಾಕಿತು. 2000ದಲ್ಲಿ ವುಲ್ವರೀನ್ ಇದ್ದ ಎಕ್ಸ್‌ಮೆನ್ ಸಿನಿಮಾ ಗೆದ್ದಿತು. ಸಿನಿಮಾದವರೇ ಮೊದಲು ಗುಟ್ಟು ಹೇಳಿಬಿಟ್ಟರೆ ಎಂಬ ಭಯ ಹತ್ತಿತು. 2001ರಲ್ಲಿ ಆರು ಸಂಚಿಕೆಗಳಲ್ಲಿ ಗುಟ್ಟು ಹೊರಬಿತ್ತು: ಅವನ ಹೆಸರು ಜೇಮ್ಸ್ ಹೌಲೆಟ್, ಕೆನಡಾದ ದೊಡ್ಡ ಬಂಗಲೆಯ ನೆಗಡಿ ಕೆಮ್ಮಿನ ಹುಡುಗ. ಇಪ್ಪತ್ತೇಳು ವರ್ಷ ಓದುಗರು ತಲೆಯಲ್ಲಿ ಕಟ್ಟಿಕೊಂಡಿದ್ದ ಭಯಂಕರ ಕಾಡುಮನುಷ್ಯನಿಗೆ ಸ್ವೆಟರ್ ತೊಡಿಸಿ ಮನೆಯೊಳಗೆ ಕೂರಿಸಿದಂತಾಯಿತು. ಪ್ರತಿಗಳು ಮಾತ್ರ ಬಿಸಿ ದೋಸೆಯ ವೇಗದಲ್ಲಿ ಖಾಲಿಯಾದವು.

ವಂಡರ್ ವುಮನ್ ಪಾಡು ಕೇಳಿ. ಅವಳನ್ನು 1941ರಲ್ಲಿ ಸೃಷ್ಟಿಸಿದ ವಿಲಿಯಂ ಮಾರ್ಸ್ಟನ್ ಮನಶ್ಶಾಸ್ತ್ರಜ್ಞ. ಸುಳ್ಳು ಪತ್ತೆ ಯಂತ್ರಕ್ಕೆ ಬೇಕಾದ ರಕ್ತದೊತ್ತಡದ ಪರೀಕ್ಷೆ ಅವನದೇ ಕೊಡುಗೆ. ಅವಳ ಕೈಗೆ ಕೊಟ್ಟ ಹಗ್ಗವೂ ಸತ್ಯ ಹೇಳಿಸುವಂಥದ್ದು. ತಾಯಿ ಮಣ್ಣಿನಲ್ಲಿ ಗೊಂಬೆ ಮಾಡಿದಳು, ದೇವತೆಗಳು ಜೀವ ಕೊಟ್ಟರು ಎಂಬುದು ಅವಳ ಹುಟ್ಟು. ಅಪ್ಪನೇ ಇಲ್ಲದ ಹೆಣ್ಣು ಎಂಬುದರಲ್ಲೇ ಅವಳ ಗತ್ತು. 2011ರಲ್ಲಿ ಬಂದ ಗಂಡಸರಿಗೆ ಅದು ನಿದ್ದೆಗೆಡಿಸಿತೋ ಏನೋ, ಮಣ್ಣಿನ ಕಥೆ ಸುಳ್ಳು, ಅವಳು ಗ್ರೀಕ್ ದೇವರಾಜ ಜ್ಯೂಸನ ಮಗಳು ಎಂದರು. 2016ರಲ್ಲಿ ಇನ್ನೊಬ್ಬ ಬಂದು, ಅವಳಿಗೆ ಇಷ್ಟು ದಿನ ಗೊತ್ತಿದ್ದದ್ದೇ ಸುಳ್ಳು ಎಂದ. ಸತ್ಯದ ಹಗ್ಗ ಸೊಂಟದಲ್ಲೇ ಇತ್ತು. ಅದನ್ನು ಸಂಪಾದಕರಿಗೆ ಸುತ್ತಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಈಗ ಯಾರಾದರೂ ಎದ್ದು ಕೇಳಬಹುದು: ಕನ್ನಡದವರಾಗಿ ಮರುಕಥನವನ್ನು ಬೈಯುತ್ತೀರಾ? ನ್ಯಾಯವಾದ ಪ್ರಶ್ನೆ. ರಾಮಾಯಣ ಬರೆದವರ ಭಾರಕ್ಕೆ ಭೂಮಿ ಹೊತ್ತ ಆದಿಶೇಷನೇ ನಲುಗಿದ ಎಂದು ಕುಮಾರವ್ಯಾಸ ಆಗಲೇ ಚುಚ್ಚಿದ್ದ; ಚುಚ್ಚಿ ತಾನು ಹೋಗಿ ಭಾರತ ಬರೆದ, ಅದನ್ನೂ ಪಂಪ 941ರಷ್ಟು ಹಿಂದೆಯೇ ಹೇಳಿಯಾಗಿತ್ತು. ಪಂಪನೇನು ಸಾಮಾನ್ಯನೇ? ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಳಗೆ ಕೂರಿಸಿದ, ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದ, ಕೊನೆಗೆ ಸುಭದ್ರೆಗೆ ಪಟ್ಟ ಕಟ್ಟಿಸಿದ. ಕುವೆಂಪು ಅವರು ಸೀತೆಯ ಜತೆ ರಾಮನನ್ನೂ ಬೆಂಕಿಗಿಳಿಸಿದರು. ತಿದ್ದುಪಡಿ ಎಂದರೆ ಇವು ತಿದ್ದುಪಡಿ.

ವ್ಯತ್ಯಾಸ ಎಲ್ಲಿದೆ ಎಂದರೆ, ಪಂಪ ಬದಲಿಸಿದ್ದನ್ನು ಮುಂದಿನ ತಿಂಗಳು ಯಾರೂ ವಾಪಸು ಸರಿಮಾಡಲಿಲ್ಲ. ರಾಮ ಬೆಂಕಿಗೆ ಕಾಲಿಟ್ಟ ಮೇಲೆ ಆ ಪ್ರಶ್ನೆ ಓದುಗನ ಎದೆಯಲ್ಲಿ ಉಳಿಯಿತು, ರಾಮಾಯಣ ಮೊದಲಿನಂತೆ ಉಳಿಯಲಿಲ್ಲ. ನಮ್ಮ ಕವಿಗಳು ಕಥೆಯನ್ನು ಕೊನೆಯವರೆಗೂ ಹೇಳಿದರು. ದುರ್ಯೋಧನನ ತೊಡೆ ಮುರಿಯಿತು, ಕರ್ಣ ಸತ್ತ, ಯುದ್ಧ ಮುಗಿಯಿತು. ಕಾಮಿಕ್ಸ್ ಕಂಪನಿಗಳ ಮರುಕಥನ ಮಾತ್ರ ಆದಿಪರ್ವ ದಾಟುವುದೇ ಇಲ್ಲ. ಮುಂದಕ್ಕೆ ಹೋದರೆ ನಾಯಕ ಮುದುಕನಾಗಬೇಕು, ಗೆಲ್ಲಬೇಕು ಇಲ್ಲವೇ ಸೋಲಬೇಕು, ಒಂದು ದಿನ ಸಾಯಬೇಕು. ಸತ್ತ ಆಸ್ತಿಯ ಬಾಡಿಗೆ ಬರುವುದಿಲ್ಲ. ಆದ್ದರಿಂದ ಹುಟ್ಟನ್ನೇ ಹೇಳು, ಬೇಸರವಾದರೆ ಬೇರೆ ಬಣ್ಣದಲ್ಲಿ ಹೇಳು.

ಇದಕ್ಕೆ ಬೇರೆ ಉಪಾಯ ಇರಲಿಲ್ಲವೇ? ಇತ್ತು. ಸುಧಾ ವಾರಪತ್ರಿಕೆ ಮನೆಗೆ ಬಂದೊಡನೆ ಧಾರಾವಾಹಿ ಬಿಟ್ಟು ಫ್ಯಾಂಟಮ್ ಪುಟಕ್ಕೆ ಕೈ ಹಾಕಿದ ಒಂದು ತಲೆಮಾರಿಗೇ ಆ ಉಪಾಯ ಗೊತ್ತು. ಲೀ ಫಾಕ್ 1936ರಲ್ಲಿ ಆರಂಭಿಸಿದ ಈ ಕಥೆಯಲ್ಲೂ ಮೂಲ ಮತ್ತೆ ಮತ್ತೆ ಬರುತ್ತದೆ: 1536ರಲ್ಲಿ ಕಡಲ್ಗಳ್ಳರು ಹಡಗು ಮುಳುಗಿಸಿದರು, ದಡ ಸೇರಿದ ಒಬ್ಬನೇ ಯುವಕ ತಂದೆಯ ಕೊಲೆಗಾರನ ತಲೆಬುರುಡೆಯ ಮೇಲೆ ಆಣೆಯಿಟ್ಟ. ಎರಡು ಮೂರು ಚೌಕ, ಅಷ್ಟೇ. ಹಳಬರು ಕಣ್ಣಾಡಿಸಿ ಮುಂದೆ ಹೋಗುತ್ತಿದ್ದರು, ಹೊಸಬರಿಗೆ ಅಷ್ಟು ಸಾಕಿತ್ತು. ವಯಸ್ಸಿನ ಪ್ರಶ್ನೆಗೂ ಫಾಕ್ ನೇರ ಉತ್ತರ ಕೊಟ್ಟ: ಫ್ಯಾಂಟಮ್ ಸಾಯುತ್ತಾನೆ, ಮಗ ಮುಖವಾಡ ತೊಡುತ್ತಾನೆ. ನಾವು ಓದುತ್ತಿದ್ದವನು ಇಪ್ಪತ್ತೊಂದನೆಯವನು. ಕಾಡಿನವರು ಅವನನ್ನು ಸಾವಿಲ್ಲದವನು ಎಂದು ನಂಬಿದ್ದರು, ಓದುಗನಿಗೆ ಮಾತ್ರ ಲೇಖಕ ಸುಳ್ಳು ಹೇಳಲಿಲ್ಲ. ದೊಡ್ಡ ಕಂಪನಿಗಳು ಇದನ್ನು ಉಲ್ಟಾ ಮಾಡಿವೆ. ಕಥೆಯೊಳಗಿನ ಜನಕ್ಕೆ ಎಲ್ಲ ಗೊತ್ತು, ನಂಬಬೇಕಾದವನು ದುಡ್ಡು ಕೊಟ್ಟವನು.

ಇಷ್ಟೆಲ್ಲ ಮೂಲಕಥೆಗಳಲ್ಲಿ ಕಂಪನಿಗಳು ವಿಶೇಷ ಸಂಚಿಕೆ ತಂದು ಸಂಭ್ರಮಿಸದ ಒಂದು ಮೂಲಕಥೆ ಇದೆ. ಕ್ಲೀವ್‌ಲ್ಯಾಂಡಿನ ಇಬ್ಬರು ಹುಡುಗರು, ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್, ಇಪ್ಪತ್ತಮೂರನೇ ವಯಸ್ಸಿನಲ್ಲಿ ಹದಿಮೂರು ಪುಟದ ಸೂಪರ್‌ಮ್ಯಾನ್ ಕಥೆಯನ್ನು ಹಕ್ಕುಗಳ ಸಮೇತ 130 ಡಾಲರಿಗೆ ಬರೆದುಕೊಟ್ಟರು. ಪುಟಕ್ಕೆ ಹತ್ತು ಡಾಲರು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ಹಕ್ಕು ಕೇಳಿ ಕೋರ್ಟಿಗೆ ಹೋದಾಗ ಪುಟದಲ್ಲಿದ್ದ ಅವರ ಹೆಸರೂ ಹೋಯಿತು. ಸೂಪರ್‌ಮ್ಯಾನ್ ಸಿನಿಮಾ ತಯಾರಾಗುತ್ತಿದ್ದ 1975ರಲ್ಲಿ, ಶುಸ್ಟರ್ ಕಣ್ಣು ಮಂಜಾಗಿದ್ದ ಹೊತ್ತಿಗೆ, ಸೀಗಲ್ ಪತ್ರಿಕೆಗಳ ಮುಂದೆ ಗೋಳು ತೋಡಿಕೊಂಡ ಮೇಲೆ ಕಂಪನಿ ನಾಚಿ ವರ್ಷಕ್ಕೆ ತಲಾ 20,000 ಡಾಲರ್ ಪಿಂಚಣಿ ಮತ್ತು ಹೆಸರು ಕೊಟ್ಟಿತು. ಆ 130 ಡಾಲರ್ ನಮೂದಾಗಿದ್ದ ಹಳೆಯ ಚೆಕ್ಕು 2012ರಲ್ಲಿ ಹರಾಜಾದಾಗ ಬಂದ ಬೆಲೆ 1,60,000 ಡಾಲರ್. ಪಂಪನಿಗೆ ದೊರೆಯನ್ನು ಅರ್ಜುನ ಮಾಡಿದ್ದಕ್ಕೆ ಧರ್ಮವುರದ ಅಗ್ರಹಾರ ಸಿಕ್ಕಿತು. ಇವರಿಗೆ ಕಂಪನಿಯನ್ನೇ ದೊರೆ ಮಾಡಿದ್ದಕ್ಕೆ ಪುಟಕ್ಕೆ ಹತ್ತರ ಲೆಕ್ಕ.

ಬ್ಯಾಟ್‌ಮನ್ ಮನೆಯ ಗುಟ್ಟು ಇನ್ನೂ ದೊಡ್ಡದು. ಪುಟಗಳಲ್ಲಿ ಅಚ್ಚಾದ ಹೆಸರು ಬಾಬ್ ಕೇನ್ ಒಬ್ಬನದೇ. ವೇಷದ ರೂಪ, ಬ್ರೂಸ್ ವೇಯ್ನ್ ಎಂಬ ಹೆಸರು, ಗಾಥಮ್ ಎಂಬ ಊರು, ಅಷ್ಟೊಂದು ಕಥೆಗಳು ಬಿಲ್ ಫಿಂಗರ್ ಎಂಬ ಬರಹಗಾರನ ಕೊಡುಗೆ. ಅವನು 1974ರಲ್ಲಿ ತೀರಿಕೊಂಡ. ಸೃಷ್ಟಿಕರ್ತರ ಸಾಲಿನಲ್ಲಿ ಅವನ ಹೆಸರನ್ನು ಅಧಿಕೃತವಾಗಿ ಸೇರಿಸಿದ್ದು 2015ರಲ್ಲಿ. ಬ್ರೂಸ್‌ನ ಅಪ್ಪ ಅಮ್ಮನನ್ನು ಕೊಂದವನು ಯಾರು ಎಂದು ನಾಲ್ಕಾರು ಸಲ ಮರುತನಿಖೆ ಮಾಡಿದ ಕಂಪನಿಗೆ ಬ್ಯಾಟ್‌ಮನ್‌ನ ಅಪ್ಪ ಯಾರು ಎಂದು ಅಚ್ಚುಹಾಕಲು ಎಪ್ಪತ್ತಾರು ವರ್ಷ ಹಿಡಿಯಿತು.

ಇನ್ನು ಇವರ ಅಸಲಿ ಅತಿಮಾನುಷ ಶಕ್ತಿಯ ಮಾತು. ಸೂಪರ್‌ಮ್ಯಾನ್ ಹುಟ್ಟಿದಾಗಿನ ಅಮೆರಿಕದ ಕಾನೂನಿನ ಪ್ರಕಾರ ಕೃತಿಸ್ವಾಮ್ಯ ಹೆಚ್ಚೆಂದರೆ 56 ವರ್ಷ. 1994ಕ್ಕೆ ಅವನು ಎಲ್ಲರ ಸ್ವತ್ತಾಗಬೇಕಿತ್ತು. 1976ರ ಕಾಯಿದೆ ಅದನ್ನು 75 ಮಾಡಿತು, 1998ರ ತಿದ್ದುಪಡಿ 95ಕ್ಕೆ ಒಯ್ದಿತು. ಗುಂಡು ತಾಗದ ಮೈ, ಗೋಡೆ ತೂರುವ ನೋಟ ಎಲ್ಲ ಮಕ್ಕಳಿಗೆ. ಸಾಯದೆ ಉಳಿಯುವ ಶಕ್ತಿ ಬಂದಿದ್ದು ಕ್ರಿಪ್ಟನ್ನಿನಿಂದಲ್ಲ, ವಾಷಿಂಗ್ಟನ್ನಿನಿಂದ.

ಅದಕ್ಕೂ ಒಂದು ಗಡುವಿದೆ. 2034ರ ಜನವರಿ 1ರಂದು ಆ್ಯಕ್ಷನ್ ಕಾಮಿಕ್ಸ್‌ನ ಮೊದಲ ಸಂಚಿಕೆ ಸಾರ್ವಜನಿಕರ ಸ್ವತ್ತಾಗುತ್ತದೆ, ಮರುವರ್ಷ ಮೊದಲ ಬ್ಯಾಟ್‌ಮನ್ ಕಥೆಯೂ. ಅಲ್ಲಿಂದ ಮುಂದೆ ಆ ಒಂದು ಪುಟದ ಮೂಲಕಥೆಯನ್ನು ಬಳ್ಳಾರಿಯ ಹುಡುಗಿಯೂ ಹೇಳಬಹುದು, ಬೋಸ್ಟನ್ನಿನ ಹುಡುಗನೂ ಹೇಳಬಹುದು. ಅವರಲ್ಲಿ ಒಬ್ಬರಾದರೂ ಹುಟ್ಟಿನ ಗೋಜು ಬಿಟ್ಟು ಕೊನೆಯವರೆಗೆ ಹೇಳಿಯಾರು.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಬಿನ್ನಹ. ಸಂಪೂರ್ಣ ಹೊಸ ಆರಂಭ ಎಂದು ಬರೆದ ಸಂಚಿಕೆಯನ್ನು ಅಂಗಡಿಯವನು ಕೈಗಿತ್ತರೆ ವಾಪಸು ಕೊಟ್ಟು, ಆ ಹಳೆಯ ಒಂದು ಪುಟ, ಎರಡು ಪುಟ, ಹನ್ನೊಂದು ಪುಟಗಳ ಸಂಕಲನ ಕೇಳಿ ಪಡೆಯಿರಿ. ಹೊಸದನ್ನೇ ಕೊಳ್ಳುವ ಹಟವಿದ್ದರೆ ದುಡ್ಡು ಕೊಡುವ ಮೊದಲು ಒಳಪುಟದ ಸಣ್ಣಕ್ಷರ ಓದಿ. ಮೊದಲು ಕಥೆ ಕಟ್ಟಿದವನ ಹೆಸರು ಎಷ್ಟು ದೊಡ್ಡದಾಗಿದೆ, ಅದರ ಮಾಲೀಕನ ಹೆಸರು ಎಷ್ಟು ದೊಡ್ಡದಾಗಿದೆ ಎಂದು ಹೋಲಿಸಿ ನೋಡಿ. ಮೂಲಕಥೆ ಅಲ್ಲಿದೆ.